ಲಕ್ಷ್ಮಣಸೇನನ ಆಸ್ಥಾನಕವಿಗಳು: ಜಯದೇವನ ಒಂದು ಪದ್ಯವನ್ನು ಓದುವ ಬಗೆ

ಹನ್ನೆರಡನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಂಗಾಳವನ್ನು ಆಳಿದ ಲಕ್ಷ್ಮಣಸೇನನ ಬಗ್ಗೆ ಓದಲು ತೊಡಗಿದವರಿಗೆ ಮೊದಲು ಎದುರಾಗುವುದು ಐದು ಹೆಸರುಗಳು: ಉಮಾಪತಿಧರ, ಜಯದೇವ, ಶರಣ, ಗೋವರ್ಧನ, ಧೋಯೀ. ಪರೀಕ್ಷೆಗಾಗಿ ಇವನ್ನು ಬಾಯಿಪಾಠ ಮಾಡಿದರೆ ಸಾಕಾಗಬಹುದು. ಆದರೆ ಈ ಹೆಸರುಗಳು ಒಟ್ಟಿಗೆ ಬರುವ ಪದ್ಯವನ್ನು ಓದಿದರೆ, ಒಬ್ಬ ಕವಿ ತನ್ನ ಜೊತೆಗಾರರ ಬರವಣಿಗೆಯನ್ನು ತೂಗಿ ನೋಡಿರುವುದು ಕಾಣುತ್ತದೆ. ಗೀತಗೋವಿಂದದ ಮೊದಲ ಸರ್ಗದ ಆರಂಭದಲ್ಲಿರುವ ಆ ಪದ್ಯ ಹೀಗಿದೆ:

ವಾಚಃ ಪಲ್ಲವಯತ್ಯುಮಾಪತಿಧರಃ ಸಂದರ್ಭಶುದ್ಧಿಂ ಗಿರಾಂ
ಜಾನೀತೇ ಜಯದೇವ ಏವ ಶರಣಃ ಶ್ಲಾಘ್ಯೋ ದುರೂಹದ್ರುತೇ |
ಶೃಂಗಾರೋತ್ತರಸತ್ಪ್ರಮೇಯರಚನೈರಾಚಾರ್ಯಗೋವರ್ಧನ-
ಸ್ಪರ್ಧೀ ಕೋಽಪಿ ನ ವಿಶ್ರುತಃ ಶ್ರುತಿಧರೋ ಧೋಯೀ ಕವಿಕ್ಷ್ಮಾಪತಿಃ ||

ಉಮಾಪತಿಧರನು ಮಾತುಗಳನ್ನು ಚಿಗುರಿಸುತ್ತಾನೆ. ಮಾತಿನ ಜೋಡಣೆಯ ಶುದ್ಧಿಯನ್ನು ಬಲ್ಲವನು ಜಯದೇವನೇ. ಕ್ಲಿಷ್ಟವಾದುದನ್ನು ಬೇಗನೆ ಕಟ್ಟುವುದರಲ್ಲಿ ಶರಣ ಶ್ಲಾಘ್ಯನು. ಶೃಂಗಾರಪ್ರಧಾನವಾದ ರಚನೆಯಲ್ಲಿ ಆಚಾರ್ಯ ಗೋವರ್ಧನನಿಗೆ ಸಾಟಿಯಾದವನ ಹೆಸರನ್ನು ಯಾರೂ ಕೇಳಿಲ್ಲ. ಧೋಯೀ ಏಕಪಾಠಿ, ಎಂದರೆ ಒಮ್ಮೆ ಕೇಳಿದ್ದನ್ನು ನೆನಪಿಡುವವನು, ಕವಿಗಳ ರಾಜ. ಇದು ಸ್ಥೂಲವಾದ ಅರ್ಥ. ‘ಶ್ರುತಿಧರ’ ಎಂಬುದನ್ನು ಆರನೆಯ ಕವಿಯ ಹೆಸರೆಂದು ಓದಿದವರೂ ಇದ್ದಾರೆ. ಇಲ್ಲಿ ಅದನ್ನು ಧೋಯೀಯ ವಿಶೇಷಣವೆಂದೇ ಇಟ್ಟುಕೊಂಡು ಮುಂದೆ ಹೋಗೋಣ.

ಪದ್ಯಕ್ಕೆ ಬರುವ ಮೊದಲು ರಾಜನ ಪರಿಚಯವಾಗಬೇಕು. ಸೇನರು ಮೂಲತಃ ಬಂಗಾಳದವರಲ್ಲ. ಲಕ್ಷ್ಮಣಸೇನನ ತಾತ ವಿಜಯಸೇನನ ದೇವಪಾರಾ ಶಾಸನವು ವಂಶದ ಮೂಲವನ್ನು ದಕ್ಷಿಣದ ಅರಸರಲ್ಲಿ ಹುಡುಕುತ್ತದೆ. ವಿಜಯಸೇನನ ತಾತ ಸಾಮಂತಸೇನನು ಕರ್ಣಾಟದ ಸಿರಿಯನ್ನು ಸೂರೆಮಾಡಿದ ಶತ್ರುಗಳನ್ನು ಸದೆಬಡಿದನೆಂದು ಹೊಗಳುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಗೌಡ (ಬಂಗಾಳ) ಮತ್ತು ಕಾಮರೂಪಗಳ (ಅಸ್ಸಾಂ) ಮೇಲೆ ದಂಡೆತ್ತಿ ಹೋದುದನ್ನು ಅವನ ಆಸ್ಥಾನಕವಿ ಬಿಲ್ಹಣ ವರ್ಣಿಸಿದ್ದಾನೆ, ಅಂಥ ದಂಡಯಾತ್ರೆಗಳ ಜೊತೆಯಲ್ಲೇ ಸೇನರ ಹಿರಿಯರು ಪೂರ್ವಕ್ಕೆ ಹೋಗಿ ಅಲ್ಲೇ ನೆಲೆಸಿರಬೇಕೆಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. ಲಕ್ಷ್ಮಣಸೇನನ ತಾಯಿ ರಾಮದೇವಿಯೂ ಚಾಲುಕ್ಯರ ಮಗಳು. ಕನ್ನಡದಲ್ಲಿ ಓದುವ ನಾವು ಈ ಸಂಬಂಧವನ್ನು ನೆನಪಿಡಬೇಕು. ಹಾಗೆಂದು ಈ ಆಸ್ಥಾನವನ್ನು ಕನ್ನಡದ ಆಸ್ಥಾನವೆಂದು ಎಳೆದುಕೊಳ್ಳಬಾರದು. ಅಲ್ಲಿ ಮೆರೆದದ್ದು ಸಂಸ್ಕೃತ. ರಾಜನೂ ಸ್ವತಃ ಬರೆಯುತ್ತಿದ್ದವನೇ: ತಂದೆ ಬಲ್ಲಾಳಸೇನ ಆರಂಭಿಸಿದ ‘ಅದ್ಭುತಸಾಗರ’ವೆಂಬ ಶಕುನಶಾಸ್ತ್ರಗ್ರಂಥವನ್ನು ಮುಗಿಸಿದವನು ಲಕ್ಷ್ಮಣಸೇನ.

ಈಗ ಜಯದೇವನ ಮಾತುಗಳನ್ನು ಒಂದೊಂದಾಗಿ ಕೃತಿಗಳ ಪಕ್ಕದಲ್ಲಿಟ್ಟು ನೋಡೋಣ. ಉಮಾಪತಿಧರನು ಮಾತನ್ನು ಚಿಗುರಿಸುತ್ತಾನೆ ಎಂದರೇನು? ಮೇಲೆ ಹೇಳಿದ ದೇವಪಾರಾ ಶಾಸನದ ಕವಿ ಅವನೇ ಆದುದರಿಂದ ಉತ್ತರ ಅಲ್ಲೇ ಸಿಗುತ್ತದೆ. ವಿಜಯಸೇನನ ದಾನದಿಂದ ವೇದ ಓದಿದ ಬ್ರಾಹ್ಮಣರು ಸಿರಿವಂತರಾದರು ಎಂಬುದಷ್ಟೇ ಅಲ್ಲಿನ ಒಂದು ಪದ್ಯದ ವಿಷಯ. ಅದನ್ನು ಅವನು ಹೇಳುವ ಬಗೆಯನ್ನು ನೋಡಿ: ಆ ಬ್ರಾಹ್ಮಣರ ಹೆಂಡಿರು ಇದುವರೆಗೆ ಒಡವೆ ಕಂಡವರಲ್ಲ, ಪಟ್ಟಣದ ಹೆಂಗಸರು ಅವರನ್ನು ಕೂರಿಸಿಕೊಂಡು, ಹತ್ತಿಯ ಬೀಜದಂತಿರುವುದು ಮುತ್ತು, ಸೊಪ್ಪಿನ ಎಲೆಯಂತಿರುವುದು ಪಚ್ಚೆ, ಸೋರೆಯ ಹೂವಿನಂತಿರುವುದು ಬೆಳ್ಳಿ, ಹಣ್ಣಾಗಿ ಬಿರಿದ ದಾಳಿಂಬೆಯ ಒಳಗಿನಂತಿರುವುದು ರತ್ನ, ಕುಂಬಳದ ಬಳ್ಳಿಯಲ್ಲಿ ಅರಳಿದ ಹೂವಿನಂತಿರುವುದು ಚಿನ್ನ ಎಂದು ಪಾಠ ಹೇಳಿಕೊಡುತ್ತಾರೆ. ಬಡವರ ಮನೆಯ ಹಿತ್ತಿಲೇ ಇಲ್ಲಿ ರಾಜನ ಭಂಡಾರವನ್ನು ಅಳೆಯುವ ಅಳತೆಗೋಲಾಗಿದೆ. ಒಂದು ಸಣ್ಣ ಸಂಗತಿಯಿಂದ ಐದು ಚಿಗುರುಗಳು ಹೊರಡುವ ಈ ಪದ್ಯವನ್ನು ಓದಿದ ಮೇಲೆ ‘ಪಲ್ಲವಯತಿ’ ಎಂಬ ಕ್ರಿಯಾಪದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಈ ಮಾತಿನಲ್ಲಿ ಸಣ್ಣದೊಂದು ಆಕ್ಷೇಪವೂ ಇದೆ ಎಂದು ಓದುವುದಕ್ಕೆ ಅವಕಾಶವಿದೆ, ಏಕೆಂದರೆ ಮುಂದಿನ ವಾಕ್ಯದಲ್ಲೇ ಜೋಡಣೆಯ ಶುದ್ಧಿ ‘ಜಯದೇವನಿಗೇ’ ಗೊತ್ತು ಎಂದು ‘ಏವ’ಕಾರವನ್ನು ಹಾಕಿದ್ದಾನೆ. ನನಗೆ ಈ ಓದು ಒಪ್ಪಿಗೆಯೇ. ಆದರೂ ಮೇಲಿನ ಪದ್ಯದ ಮಟ್ಟಿಗೆ ಆ ಚಿಗುರು ದೋಷವೆನಿಸುವುದಿಲ್ಲ.

ಗೋವರ್ಧನನ ಕೃತಿ ‘ಆರ್ಯಾಸಪ್ತಶತೀ’. ಹಾಲರಾಜನ ಹೆಸರಿನಲ್ಲಿರುವ ಪ್ರಾಕೃತ ಗಾಥಾಸಪ್ತಶತಿಯ ಮಾದರಿಯಲ್ಲಿ, ಪ್ರತಿ ಪದ್ಯವೂ ತನ್ನಷ್ಟಕ್ಕೆ ಪೂರ್ಣವಾಗಿ ನಿಲ್ಲುವಂತೆ, ಆರ್ಯಾ ಛಂದಸ್ಸಿನಲ್ಲಿ ಬರೆದ ಶೃಂಗಾರಪ್ರಧಾನ ಸಂಕಲನ ಇದು. ಇಂಥ ರಸ ಪ್ರಾಕೃತಕ್ಕೇ ಸಹಜವೆಂಬುದನ್ನು ಅವನು ಮುಚ್ಚಿಡುವುದಿಲ್ಲ. ತಗ್ಗಿಗೆ ಹರಿಯುವುದೇ ಸ್ವಭಾವವಾದ ಯಮುನೆಯನ್ನು ಬಲವಂತವಾಗಿ ಆಕಾಶಕ್ಕೆ ಒಯ್ದಂತೆ, ಪ್ರಾಕೃತಕ್ಕೆ ಒಪ್ಪುವ ವಾಣಿಯನ್ನು ‘ಬಲೇನೈವ’, ಬಲದಿಂದಲೇ, ಸಂಸ್ಕೃತಕ್ಕೆ ತಂದೆನೆಂದು ಹೇಳಿಕೊಳ್ಳುತ್ತಾನೆ. ‘ಬಲ’ ಎಂಬಲ್ಲಿ ನೇಗಿಲಿನಿಂದ ಯಮುನೆಯನ್ನು ಎಳೆದ ಬಲರಾಮನ ನೆನಪೂ ಇದೆ. ರಾಜನನ್ನು ಹೊಗಳುವಾಗಲೂ ಇದೇ ಶ್ಲೇಷದ ಚತುರತೆ ಕಾಣುತ್ತದೆ: ಎಲ್ಲ ಕಲೆಗಳನ್ನೂ ತುಂಬಬಲ್ಲವರು ಇಬ್ಬರೇ, ಕಾವ್ಯಕ್ಕೆ ಸೇನಕುಲದ ತಿಲಕನಾದ ಅರಸ, ಚಂದ್ರನಿಗೆ ಹುಣ್ಣಿಮೆಯ ಸಂಜೆ. ಸಾಟಿಯಿಲ್ಲವೆಂಬ ಜಯದೇವನ ತೀರ್ಪು, ತಾನೂ ಶೃಂಗಾರಕವಿಯಾಗಿದ್ದುಕೊಂಡು ಕೊಟ್ಟದ್ದು ಎಂಬುದನ್ನು ಮರೆಯಬಾರದು.

ಧೋಯೀಯ ‘ಪವನದೂತ’ವು ಕಾಳಿದಾಸನ ಮೇಘದೂತದ ದಾರಿಯಲ್ಲೇ ಮಂದಾಕ್ರಾಂತಾ ವೃತ್ತದಲ್ಲಿ ಸಾಗುತ್ತದೆ. ದಿಗ್ವಿಜಯಕ್ಕೆಂದು ದಕ್ಷಿಣಕ್ಕೆ ಬಂದ ಲಕ್ಷ್ಮಣಸೇನನನ್ನು ಕಂಡು ಮೋಹಗೊಂಡ ಮಲಯಪರ್ವತದ ಗಂಧರ್ವಕನ್ಯೆ ಕುವಲಯವತಿ, ತೆಂಕಣ ಗಾಳಿಯನ್ನು ರಾಜಧಾನಿ ವಿಜಯಪುರಕ್ಕೆ ದೂತನನ್ನಾಗಿ ಕಳಿಸುತ್ತಾಳೆ. ಆಳುತ್ತಿರುವ ರಾಜನನ್ನೇ ನಾಯಕನನ್ನಾಗಿ ಮಾಡಿದ ದೂತಕಾವ್ಯ ಎಂಬುದು ಇದರ ವಿಶೇಷ. ಕೊನೆಯ ಪದ್ಯಗಳಲ್ಲಿ ಕವಿ ತನ್ನ ಬಗ್ಗೆಯೇ ಹೇಳುತ್ತಾನೆ: ಗೌಡರಾಜನಿಂದ ಚಿನ್ನದಿಂದ ಸಿಂಗರಿಸಿದ ಆನೆಗಳು, ಚಿನ್ನದ ಹಿಡಿಯ ಚಾಮರಗಳು ದೊರೆತವು, ವಿದ್ವಾಂಸರ ಸಭೆಯಲ್ಲಿ ಕೀರ್ತಿ ಬಂತು, ಅಮೃತ ಒಸರುವ ಕೆಲವು ಮಾತುಗಳನ್ನೂ ಕಟ್ಟಿದ್ದಾಯಿತು, ಇನ್ನು ದೇವನದಿಯ ತೀರದಲ್ಲಿ, ಯಾವುದಾದರೂ ಬೆಟ್ಟದ ಮಗ್ಗುಲಲ್ಲಿ, ಬ್ರಹ್ಮಚಿಂತನೆಯಲ್ಲಿ ದಿನ ಕಳೆಯಬೇಕು. ಅಲ್ಲಿ ತನ್ನನ್ನು ಕವಿರಾಜರ ಚಕ್ರವರ್ತಿಯೆಂದು ಕರೆದುಕೊಂಡಿದ್ದಾನೆ. ಜಯದೇವ ಹೇಳುವ ‘ಕವಿಕ್ಷ್ಮಾಪತಿ’ ಎಂಬ ಬಿರುದಿಗೆ ಹೀಗೆ ಧೋಯೀಯ ಬಾಯಿಂದಲೇ ಸಾಕ್ಷ್ಯ ದೊರೆಯುತ್ತದೆ.

ಇಷ್ಟೆಲ್ಲ ಹೇಳಿದ ಜಯದೇವನು ಗೀತಗೋವಿಂದದಲ್ಲಿ ರಾಜನ ಹೆಸರನ್ನು ಎತ್ತುವುದೇ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಹನ್ನೆರಡು ಸರ್ಗ, ಇಪ್ಪತ್ನಾಲ್ಕು ಗೀತಗಳ ಆ ಕೃತಿಯಲ್ಲಿ ಅಂಕಿತವಾಗಿ ಬರುವುದು ಕವಿಯ ಹೆಸರು, ಹೊಗಳಿಕೆಯೆಲ್ಲ ಹರಿಗೆ. ಅವನ ಊರಾದ ಕೆಂದುಬಿಲ್ವ ಬಂಗಾಳದ್ದೋ ಒಡಿಶಾದ್ದೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದುದರಿಂದ ಅವನನ್ನು ಈ ಆಸ್ಥಾನಕ್ಕೆ ಸೇರಿಸುವಾಗ, ನಾವು ಮುಖ್ಯವಾಗಿ ಈ ಒಂದು ಪದ್ಯವನ್ನೂ ಸಂಪ್ರದಾಯವನ್ನೂ ನಂಬಿದ್ದೇವೆ ಎಂಬ ಎಚ್ಚರ ಉತ್ತರ ಬರೆಯುವಾಗ ಇರಲಿ.

ರಾಜನ ಕೊಡುಗೈಗೆ ಹೊರಗಿನ ಸಾಕ್ಷಿಯೊಂದಿದೆ. ತುರ್ಕ ದಂಡನಾಯಕ ಬಖ್ತಿಯಾರ್ ಖಲ್ಜಿ ಸುಮಾರು 1204ರಲ್ಲಿ ಬಂಗಾಳದ ನದಿಯಾ ಪಟ್ಟಣದ ಮೇಲೆರಗಿ ಮುದಿ ರಾಜನನ್ನು ಓಡಿಸಿದ ಕಥೆಯನ್ನು ಬರೆದ ಮಿನ್ಹಾಜ್‌, ಗೆದ್ದವರ ಕಡೆಯ ಇತಿಹಾಸಕಾರನಾಗಿದ್ದರೂ, ಈ ಅರಸನು ದಾನ ಕೊಡುವಾಗ ಒಂದು ಲಕ್ಷ ಕವಡೆಗೆ ಕಡಿಮೆ ಕೊಡುತ್ತಿರಲಿಲ್ಲವೆಂದು ದಾಖಲಿಸಿದ್ದಾನೆ. ಬಂಗಾಳದಲ್ಲಿ ಆಗ ಕವಡೆಯೇ ನಾಣ್ಯವಾಗಿ ನಡೆಯುತ್ತಿತ್ತು. ಧೋಯೀ ಹೇಳುವ ಆನೆ, ಚಾಮರಗಳನ್ನು ಬರಿಯ ಕವಿಸಮಯವೆಂದು ತಳ್ಳಿಹಾಕದಿರಲು ಇದೂ ಒಂದು ಕಾರಣ.

ಉಳಿದವನು ಶರಣ. ಅವನ ಸ್ವತಂತ್ರ ಕೃತಿ ಯಾವುದೂ ನಮ್ಮ ಕೈಗೆ ಬಂದಿಲ್ಲ. ನದಿಯಾ ಬಿದ್ದ ಒಂದೆರಡು ವರ್ಷಗಳಲ್ಲೇ, 1206ರ ಸುಮಾರಿಗೆ, ರಾಜನ ಸ್ನೇಹಿತನಾಗಿದ್ದ ಸಾಮಂತನ ಮಗ ಶ್ರೀಧರದಾಸನು ‘ಸದುಕ್ತಿಕರ್ಣಾಮೃತ’ವೆಂಬ ಸಂಕಲನವನ್ನು ಮುಗಿಸಿದನು. ಐದು ಪ್ರವಾಹಗಳಾಗಿ, ಒಂದೊಂದು ವಿಷಯಕ್ಕೆ ಐದೈದು ಪದ್ಯಗಳಂತೆ ಜೋಡಿಸಿದ ಆ ಸಂಕಲನದಲ್ಲಿ ಲಕ್ಷ್ಮಣಸೇನನದೂ ಸೇರಿದಂತೆ ಈ ಆಸ್ಥಾನದವರ ಪದ್ಯಗಳಿವೆ. ದುರೂಹದ್ರುತಿಯ ಶರಣನನ್ನು ನಾವು ಓದುವುದು ಅಲ್ಲಿ ಉಳಿದುಬಂದ ಬಿಡಿಪದ್ಯಗಳಲ್ಲಿ.