ಹೆಸರಿಲ್ಲದ ಹೆಂಗಸಿನ ಚಿತ್ರ ಓದೋದು ಹೇಗೆ: ಹಳೇ ಅಮೆರಿಕದ ಜನಪದ ಪೋರ್ಟ್ರೇಟ್

ಮ್ಯೂಸಿಯಂ ಲೇಬಲ್‌ನಲ್ಲಿ "ಅಪರಿಚಿತ ಮಹಿಳೆ, ಸುಮಾರು 1835" ಅಂತ ಇರುತ್ತಲ್ಲ, ಹೆಸರೇ ಗೊತ್ತಿಲ್ದಿದ್ರೂ ಇಸವಿ ಹೆಂಗೆ ಗೊತ್ತಾಯ್ತು? ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ ಇಡೀ ಟಾಪಿಕ್ ಬಿಡಿಸ್ಕೊಳುತ್ತೆ.

ಮೊದಲು ಡ್ರೆಸ್ಸಿನ ತೋಳು ನೋಡಿ. ಭುಜದಿಂದ ಮೊಣಕೈವರೆಗೆ ಬಲೂನಿನ ಹಂಗೆ ಉಬ್ಬಿ ಮಣಿಕಟ್ಟಿನ ಹತ್ರ ಬಿಗಿಯಾಗಿದ್ರೆ ಅದು 1830ರ ಆಸುಪಾಸಿನ ಫ್ಯಾಷನ್, ಸೊಂಟದ ಪಟ್ಟಿ ಎದೆ ಕೆಳಗೇ ಬಂದಿದ್ರೆ ಇನ್ನೂ ಹಿಂದಿನದು, 1800ರಿಂದ 1820ರೊಳಗಿನದು ಅನ್ಕೋಬಹುದು. ತಲೆ ಮೇಲೆ ಬಿಳಿ ಲೇಸ್ ಟೋಪಿ ಇದ್ರೆ ಸಾಮಾನ್ಯವಾಗಿ ಮದುವೆಯಾದವಳು. ಕೈಯಲ್ಲಿ ಪುಸ್ತಕ ಇದ್ರೆ ಓದು ಬರೋಳು, ದೈವಭಕ್ತೆ ಅಂತ ತೋರಿಸೋ ಆಸೆ. ಆದ್ರೆ ಹಳ್ಳಿಯಲ್ಲಿ ಹಳೇ ಬಟ್ಟೆನೂ ಹಾಕ್ಕೋತಿದ್ರು, ಹಾಗಾಗಿ ತೋಳು ಹೇಳೋದು "ಇದಕ್ಕಿಂತ ಮುಂಚಿನದಲ್ಲ" ಅಂತ ಮಾತ್ರ. ಪೇಂಟರ್ ಒಂದೇ ಡ್ರೆಸ್ಸನ್ನ ಮತ್ತೆ ಮತ್ತೆ ಬರೆದಿರೋದೂ ಉಂಟು, ಆ ಕಾಲದ ಪೇಂಟರ್ ಅಮ್ಮಿ ಫಿಲಿಪ್ಸ್ ಬರೆದ ಮಕ್ಕಳ ಚಿತ್ರಗಳಲ್ಲಿ ಅದೇ ಥರದ ಕೆಂಪು ಡ್ರೆಸ್ ಒಂದಕ್ಕಿಂತ ಹೆಚ್ಚು ಸಲ ಬರುತ್ತೆ.

ಇಂಥ ಎಷ್ಟೋ ಚಿತ್ರಗಳಲ್ಲಿ ಮುಖ ಚಪ್ಪಟೆ, ಕೈಬೆರಳು ಗಡುಸು, ನೆರಳೇ ಇಲ್ಲ. ಇದನ್ನ "ಬರೆಯೋಕೆ ಬರ್ತಿರ್ಲಿಲ್ಲ" ಅಂತ ತಳ್ಳಿಹಾಕ್ಬೇಡಿ, ದಯವಿಟ್ಟು. ವಿಲಿಯಂ ಮ್ಯಾಥ್ಯೂ ಪ್ರಯರ್ ಅನ್ನೋ ಪೇಂಟರ್ 1831ರಲ್ಲಿ ಮೇನ್ ರಾಜ್ಯದ ಪೇಪರ್‌ನಲ್ಲಿ ಕೊಟ್ಟ ಜಾಹೀರಾತಲ್ಲೇ ಇದೆ, ನೆರಳಿಲ್ಲದ ಚಪ್ಪಟೆ ಚಿತ್ರ ಸಾಕು ಅನ್ನೋರಿಗೆ ಕಾಲು ಭಾಗ ರೇಟು. ಪ್ರಯರ್‌ಗೆ ನೆರಳು ಕೊಟ್ಟು ಬರೆಯೋಕೂ ಬರ್ತಿತ್ತು, ಬರೆದಿದ್ದಾನೆ ಕೂಡ. ಅಂದ್ರೆ ಆ ಚಪ್ಪಟೆತನ ರೈತ, ಅಂಗಡಿಯವನು ಇಂಥವರ ಜೇಬಿಗೆ ಹೊಂದೋ ಆಯ್ಕೆ. 1839ರಲ್ಲಿ ಡ್ಯಾಗೆರೋಟೈಪ್ ಅನ್ನೋ ಮೊದಮೊದಲ ಥರದ ಫೋಟೋ ಬಂದ್ಮೇಲೆ ಈ ಗಿರಾಕಿಗಳೆಲ್ಲ ನಿಧಾನಕ್ಕೆ ಫೋಟೋ ಕಡೆ ಹೋದ್ರು.

ನನ್ನನ್ನ ತುಂಬಾ ಕಾಡಿದ್ದು ಹೆಸರಿನ ವಿಷಯ. ಫಿಲಿಪ್ಸ್ (1788–1865) ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಕಡೆ ಊರೂರು ಅಲೆದು ಐವತ್ತು ವರ್ಷ ಬರೆದ, ಆದ್ರೂ ಹೆಸರು ಮರೆತುಹೋಗಿ "ಬಾರ್ಡರ್ ಲಿಮ್ನರ್", "ಕೆಂಟ್ ಲಿಮ್ನರ್" (ಲಿಮ್ನರ್ ಅಂದ್ರೆ ಪೋರ್ಟ್ರೇಟ್ ಬರೆಯೋನು) ಅಂತ ಇಬ್ಬರು ಬೇರೆ ಬೇರೆ ಪೇಂಟರ್ ಅನ್ಕೊಂಡಿದ್ರು. 1958ರಲ್ಲಿ ಹೋಲ್ಡ್‌ರಿಜ್ ಅನ್ನೋ ದಂಪತಿ ಕೊಂಡ ಒಂದು ಚಿತ್ರದ ಹಿಂಭಾಗದಲ್ಲಿ ಆತನ ಹೆಸರು ಸಿಕ್ತು, ಅಲ್ಲಿಂದ ಹುಡುಕ್ತಾ ಹೋಗಿ ಆ ಇಬ್ಬರೂ ಒಬ್ಬನೇ ಅಂತ ಗೊತ್ತಾಯ್ತು. ಪೇಂಟರ್ ಹೆಸರು ವಾಪಸ್ ಬಂತು, ಚಿತ್ರಕ್ಕೆ ಕೂತ ಹೆಂಗಸರಲ್ಲಿ ಎಷ್ಟೋ ಜನರದ್ದು ಬರ್ಲಿಲ್ಲ. ಮದುವೆ ಆದ್ರೆ ಮನೆತನದ ಹೆಸರು ಬದಲು, ಚಿತ್ರ ಮಗಳಿಗೆ, ಮೊಮ್ಮಗಳಿಗೆ ಹೋಗಿ ಹೆಸರು ಇನ್ನೊಂದು, ಕೊನೆಗೆ ಮನೆ ಸಾಮಾನಿನ ಹರಾಜಲ್ಲಿ ಯಾರೋ ಕೊಂಡ್ರೆ "ಇವರು ನಮ್ಮಜ್ಜಿ" ಅಂತ ಹೇಳೋ ಬಾಯೇ ಇರಲ್ಲ. ಹಿಂಭಾಗದಲ್ಲಿ ಬರೆದಿದ್ರೂ ರಿಪೇರಿಗೆ ಅಂತ ಇನ್ನೊಂದು ಬಟ್ಟೆ ಅಂಟಿಸಿದ್ರೆ ಅಕ್ಷರ ಮುಚ್ಚಿಹೋಗುತ್ತೆ.

ಇನ್ನೊಂದು ಗುರುತು ಇದೆ, ಗಂಡ ಹೆಂಡತಿದು ಎಷ್ಟೋ ಸಲ ಎದುರುಬದುರು ನೋಡೋ ಹಂಗೆ ಎರಡು ಕ್ಯಾನ್ವಾಸ್ ಬರೆಸ್ತಿದ್ರು, ಮಾರಾಟದಲ್ಲಿ ಜೋಡಿ ಬೇರೆ ಬೇರೆ ಆಗ್ತಿತ್ತು. ಆಕೆ ಒಂದು ಪಕ್ಕಕ್ಕೆ ತಿರುಗಿ ಕೂತಿದ್ರೆ ಅದೇ ಕುರ್ಚಿ, ಅದೇ ಹಿನ್ನೆಲೆ ಬಣ್ಣ, ಅದೇ ಅಳತೆ ಇರೋ ಗಂಡಸಿನ ಚಿತ್ರ ಬೇರೆಲ್ಲಾದ್ರೂ ಇದೆಯಾ ಹುಡುಕಿ, ಅವನ ಹೆಸರು ಗೊತ್ತಿರಬಹುದು.