ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ? ಪ್ರೌಢಶಾಲೆಗಳಲ್ಲಿ ಕಾಲರಾ ತಡೆ

ಕಾಲರಾ ಸುದ್ದಿ ಬಂದ ಕೂಡಲೇ ಬಹಳಷ್ಟು ಶಾಲೆಗಳಲ್ಲಿ ಎರಡು ಕೆಲಸ ಆಗುತ್ತವೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಕೈ ತೊಳೆಯುವ ಬಗ್ಗೆ ಒಂದು ಭಾಷಣ, ಟ್ಯಾಂಕಿಗೆ ಒಂದೆರಡು ಹಿಡಿ ಬ್ಲೀಚಿಂಗ್ ಪೌಡರ್. ಆಮೇಲೆ ಆ ಕ್ಲೋರಿನ್ ಮಕ್ಕಳು ಕುಡಿಯುವ ನೀರಿನಲ್ಲಿ ಉಳಿದಿದೆಯೇ ಎಂದು ನೋಡುವವರೇ ಇರುವುದಿಲ್ಲ. ಆದ್ದರಿಂದ ಮುಖ್ಯ ಶಿಕ್ಷಕರಿಗೆ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಟ್ಯಾಂಕಿನಿಂದ ಅತಿ ದೂರದಲ್ಲಿರುವ ನಲ್ಲಿಯಲ್ಲಿ ಇವತ್ತು ಬೆಳಿಗ್ಗೆ ಉಳಿಕೆ ಕ್ಲೋರಿನ್ (ಹಾಕಿದ್ದರಲ್ಲಿ ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್) ಎಷ್ಟಿತ್ತು? ಇದಕ್ಕೆ ಅಂಕಿಯಲ್ಲಿ ಉತ್ತರ ಕೊಡಬಲ್ಲ ಶಾಲೆಗೆ ಮುಂದಿನ ಕೆಲಸ ಸುಲಭ.

ನೀರಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕಾಲರಾ ತರುವ ರೋಗಾಣು ವಿಬ್ರಿಯೊ ಕಾಲರೇ ಹೊಟ್ಟೆ ಸೇರಿದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಆದರೂ 1ರಿಂದ 10 ದಿನಗಳವರೆಗೆ ಅವರ ಮಲದಲ್ಲಿ ರೋಗಾಣು ಹೊರಬೀಳುತ್ತಿರುತ್ತದೆ. ಮುಖ ನೋಡಿ ಸೋಂಕು ಇದ್ದವರನ್ನು ಬೇರೆ ಮಾಡುವುದು ಆಗದ ಮಾತು. ಪ್ರೌಢಶಾಲೆಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ಈ ವಯಸ್ಸಿನ ಮಕ್ಕಳು ಭೇದಿಯಾದರೆ ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಸೋಂಕು ತಗುಲಿ ಕೆಲವೇ ಗಂಟೆಗಳಿಂದ 5 ದಿನಗಳೊಳಗೆ ರೋಗ ಕಾಣಿಸಿಕೊಳ್ಳುತ್ತದೆ. ಮೊದಲ ಮಗು ಶಿಕ್ಷಕರ ಕಣ್ಣಿಗೆ ಬೀಳುವ ಹೊತ್ತಿಗೆ ಇನ್ನೂ ಹಲವರು ಅದೇ ನೀರು ಕುಡಿದಿರುತ್ತಾರೆ.

ಕ್ಲೋರಿನ್ ಹಾಕುವುದು ಅಳತೆಯ ಕೆಲಸ, ಹಿಡಿ ಲೆಕ್ಕ ಬೇಡ. ಬ್ಲೀಚಿಂಗ್ ಪೌಡರಿನಲ್ಲಿ ಹೊಸದಾಗಿದ್ದಾಗ ಶೇ 30ರಿಂದ 35ರಷ್ಟು ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ತೆರೆದು ಬಿಸಿಲು, ತೇವ ತಾಗುವ ಕಡೆ ಇಟ್ಟರೆ ಶಕ್ತಿ ಬೇಗ ಇಳಿಯುತ್ತದೆ. ಹೋದ ವರ್ಷದ ಅರ್ಧ ಚೀಲವನ್ನು ನಂಬಿ ಕೂರಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲಿನ ಒಣ ಜಾಗದಲ್ಲಿ ಇಡಿ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿದರೆ ಸುಣ್ಣದ ಭಾಗ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಕ್ಲೋರಿನ್ ಎಲ್ಲ ಕಡೆ ಸಮವಾಗಿ ಬೆರೆಯುವುದೂ ಇಲ್ಲ. ಮೊದಲು ಶೇ 1ರಷ್ಟು ಕ್ಲೋರಿನ್ ಇರುವ ದ್ರಾವಣ ಮಾಡಿಕೊಳ್ಳಬೇಕು. 33 ಗ್ರಾಂ ಪುಡಿಗೆ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಒಂದು ಲೀಟರಿಗೆ ತಂದು, ಚೆನ್ನಾಗಿ ಕಲಕಿ, ಕೆಸರು ತಳಕ್ಕೆ ಇಳಿಯಲು ಬಿಡಿ. ಬಳಸಬೇಕಾದ್ದು ಮೇಲಿನ ತಿಳಿ ಮಾತ್ರ. ಗಾಢ ಬಣ್ಣದ ಬಾಟಲಿಯಲ್ಲಿ ಇಟ್ಟು, ವಾರಕ್ಕೊಮ್ಮೆ ಹೊಸದಾಗಿ ತಯಾರಿಸಿ.

ಟ್ಯಾಂಕಿಗೆ ಎಷ್ಟು ಬೇಕು ಎಂಬುದನ್ನು ನಿಮ್ಮ ನೀರೇ ಹೇಳಬೇಕು. 20 ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಶಾಲೆಯ ನೀರನ್ನೇ ತುಂಬಿ, ಈ ದ್ರಾವಣವನ್ನು ಕ್ರಮವಾಗಿ 1, 2, 4, 6 ಮಿಲಿಲೀಟರ್ ಹಾಕಿ ಕಲಕಿ. ಸಿರಿಂಜ್ ಇದ್ದರೆ ಅಳತೆ ತಪ್ಪುವುದಿಲ್ಲ. 30 ನಿಮಿಷ ಬಿಟ್ಟು ಒಂದೊಂದರಲ್ಲೂ ಉಳಿಕೆ ಕ್ಲೋರಿನ್ ಅಳೆಯಿರಿ. ಲೀಟರಿಗೆ 0.5 ಮಿಲಿಗ್ರಾಂ ಹತ್ತಿರ ಉಳಿದ ಬಕೆಟ್ಟಿನ ಪ್ರಮಾಣವೇ ನಿಮ್ಮ ಲೆಕ್ಕ. ಅದು 4 ಮಿಲಿಲೀಟರಿನ ಬಕೆಟ್ ಆಗಿದ್ದರೆ 2,000 ಲೀಟರಿನ ಟ್ಯಾಂಕಿಗೆ 400 ಮಿಲಿಲೀಟರ್ ಬೇಕು. ಯಾವ ಬಕೆಟ್ಟಿನಲ್ಲೂ ಏನೂ ಉಳಿಯದಿದ್ದರೆ ಪುಡಿ ಹಳೆಯದು, ಇಲ್ಲವೇ ನೀರು ಕದಡಿದೆ. ಕದಡಿದ ನೀರು ಕ್ಲೋರಿನ್ನನ್ನು ತಾನೇ ನುಂಗಿಬಿಡುತ್ತದೆ. ಅಂಥ ನೀರನ್ನು ಮೊದಲು ತಿಳಿಯಾಗಲು ಬಿಟ್ಟು, ಹಳೆಯ ಹತ್ತಿ ಬಟ್ಟೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಕ್ಲೋರಿನ್ ಹಾಕಿ. ಕಾಲರಾ ರೋಗಾಣು ನೀರಿನ ಅತಿಸಣ್ಣ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆ ಒಂದಷ್ಟನ್ನು ತಡೆಯುತ್ತದೆ. ಬರೀ ಬಟ್ಟೆಯೇ ಸಾಕೆಂದುಕೊಳ್ಳುವಂತಿಲ್ಲ.

ಅಳೆಯಲು ಡಿಪಿಡಿ (ಕ್ಲೋರಿನ್ ಇದ್ದರೆ ಬಣ್ಣ ತಿರುಗುವ ರಾಸಾಯನಿಕ) ಮಾತ್ರೆಯ ಸಣ್ಣ ಕಿಟ್ ಸಾಕು. 10 ಮಿಲಿಲೀಟರ್ ನೀರಿಗೆ ಒಂದು ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಅದನ್ನು ಬಣ್ಣದ ಪಟ್ಟಿಗೆ ಹೋಲಿಸಿ ಕೂಡಲೇ ಓದಬೇಕು, ತಡವಾದರೆ ಅಂಕಿ ತಪ್ಪುತ್ತದೆ. ಇನ್ನೊಂದು ಎಚ್ಚರ: ಕ್ಲೋರಿನ್ ತೀರಾ ಹೆಚ್ಚಾಗಿದ್ದರೆ ಬಣ್ಣವೇ ಬಿಳಿಚಿಕೊಂಡು ಸೊನ್ನೆ ಇದ್ದಂತೆ ಕಾಣುತ್ತದೆ. ವಾಸನೆ ಮೂಗಿಗೆ ಹೊಡೆಯುತ್ತಿದ್ದೂ ಬಣ್ಣ ಬರದಿದ್ದರೆ, ಇನ್ನಷ್ಟು ಸುರಿಯುವ ಮೊದಲು ಆ ನೀರಿಗೆ ಕ್ಲೋರಿನ್ ಇಲ್ಲದ ನೀರನ್ನು ಅಳತೆಯಲ್ಲಿ ಬೆರೆಸಿ ಮತ್ತೆ ನೋಡಿ. ಈ ಪರೀಕ್ಷೆಯನ್ನು ವಿಜ್ಞಾನ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಮಾಡಲಿ, ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಲಿ. ಪ್ರೌಢಶಾಲೆಯ ಮಕ್ಕಳು ಇದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಮಾಡಿದ ಮಕ್ಕಳು ಮನೆಯ ನೀರನ್ನೂ ಅನುಮಾನದಿಂದ ನೋಡಲು ಶುರು ಮಾಡುತ್ತಾರೆ, ಅದು ನಮಗೆ ಬೇಕಾದದ್ದೇ.

ಟ್ಯಾಂಕಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಇದ್ದು ಕೊನೆಯ ನಲ್ಲಿಯಲ್ಲಿ 0.2ಕ್ಕಿಂತ ಕಡಿಮೆ ಬಂದರೆ ತಪ್ಪು ನಡುವೆ ಎಲ್ಲೋ ಇದೆ: ತಳದ ಹೂಳು, ಪಾಚಿ, ಚರಂಡಿಯೊಳಗೆ ಹಾದು ಸೋರುತ್ತಿರುವ ಪೈಪು. ನೀರು ನಿಂತಾಗ ಖಾಲಿ ಪೈಪು ಸುತ್ತಲಿನ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ, ಬಿಟ್ಟು ಬಿಟ್ಟು ನೀರು ಬರುವ ಕಡೆ ಇದು ಮಾಮೂಲು. ನಲ್ಲಿಯಿಂದ ಆಚೆಗೆ ಇರುವ ಅಪಾಯ ಲೋಟದ್ದು. ತೆರೆದ ಪಾತ್ರೆಗೆ ಲೋಟ ಅದ್ದಿ ಕುಡಿಯುವ ಏರ್ಪಾಡು ಇದ್ದರೆ ಒಂದು ಕೊಳಕು ಕೈ ಸಾಕು, ಇಡೀ ಪಾತ್ರೆ ಕೆಡುತ್ತದೆ. ಮುಚ್ಚಳ ಮತ್ತು ನಲ್ಲಿ ಇರುವ ಡ್ರಮ್ ಇಡಿ. ಬಾಟಲಿಗೆ ಬಾಯಿ ಹಚ್ಚಿ ಸರದಿಯಲ್ಲಿ ಕುಡಿಯುವ ಅಭ್ಯಾಸವನ್ನು ಆಟದ ಮೈದಾನದಲ್ಲೇ ತಡೆಯಿರಿ.

ಶೌಚಾಲಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ 25 ಹುಡುಗಿಯರಿಗೆ ಒಂದು ಶೌಚಾಲಯ, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಮೂತ್ರಾಲಯ. ಎಷ್ಟೇ ಕಟ್ಟಿದರೂ ನೀರಿಲ್ಲದೆ ಬೀಗ ಹಾಕಿಟ್ಟರೆ ಮಕ್ಕಳು ಕಟ್ಟಡದ ಹಿಂದಕ್ಕೇ ಹೋಗುತ್ತಾರೆ. ಕೈ ತೊಳೆಯುವ ಜಾಗ ಬಾಗಿಲಿನಿಂದ ನಾಲ್ಕು ಹೆಜ್ಜೆಯಲ್ಲಿರಲಿ, ಅಂಗಳ ದಾಟಿ ಹೋಗಿ ತೊಳೆಯುವವರು ಕಡಿಮೆ. ಸೋಪಿನ ತುಂಡು ಕಾಣೆಯಾಗುತ್ತದೆಂಬ ದೂರಿಗೆ ಪರಿಹಾರವಿದೆ. ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ, ಮುಚ್ಚಳದಲ್ಲಿ ತೂತು ಮಾಡಿದ ಬಾಟಲಿಯಲ್ಲಿ ತುಂಬಿ ಕಟ್ಟಿಡಿ.

ಅಡುಗೆಯ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಬಿಸಿಬಿಸಿಯಾಗಿ ಬಡಿಸಿ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಉಳಿದ ಅನ್ನದಲ್ಲಿ ಈ ರೋಗಾಣು ಸಲೀಸಾಗಿ ಬೆಳೆಯುತ್ತದೆ. ಹಣ್ಣನ್ನು ಕೊಯ್ದು ಮಾರುವವರನ್ನು ಗೇಟಿನ ಹತ್ತಿರ ಬಿಡಬೇಡಿ.

ಇನ್ನು ತರಗತಿಯಲ್ಲೇ ಒಬ್ಬರಿಗೆ ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ? ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ದೇಹದಿಂದ ಹೋಗಬಹುದು, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ. ಪೋಷಕರು ಬರಲಿ ಎಂದು ಕಾಯುವ ಹೊತ್ತಲ್ಲ ಅದು. ಓಆರ್‌ಎಸ್ ಕೂಡಲೇ ಶುರು ಮಾಡಿ. ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದೆಯೋ, 200 ಮಿಲಿಲೀಟರಿಗೆ ಎಂದಿದೆಯೋ ಓದಿ. ಲೀಟರಿನ ಪೊಟ್ಟಣವನ್ನು ಒಂದು ಲೋಟದಲ್ಲಿ ಕಲಸಿದರೆ ಉಪ್ಪು ಮಿತಿಮೀರಿ ಹಾನಿಯಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು. ಈ ವಯಸ್ಸಿನವರು ಕುಡಿಯುವಷ್ಟೂ ಕುಡಿಯಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮುಂದುವರಿಸಿ. ಕಣ್ಣು ಗುಳಿಬಿದ್ದು, ಚಿವುಟಿದ ಚರ್ಮ ನಿಧಾನವಾಗಿ ಇಳಿಯುತ್ತಿದ್ದರೆ, ಎದ್ದು ಕೂರಲು ಆಗದಿದ್ದರೆ, ರಕ್ತನಾಳದ ಮೂಲಕವೇ ದ್ರವ ಕೊಡಬೇಕಾಗುತ್ತದೆ. ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಿರಿ. ಆರೋಗ್ಯ ಇಲಾಖೆಗೆ ಅದೇ ಹೊತ್ತಿಗೆ ತಿಳಿಸಿ. ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದರಿಂದ ಇತರ ಮಕ್ಕಳು ಅಪಾಯಕ್ಕೆ ಸಿಲುಕುತ್ತಾರೆ.

ವಾಂತಿ, ಮಲ ಬಿದ್ದ ಜಾಗಕ್ಕೆ ಶೇ 2ರ ದ್ರಾವಣ, ಅಂದರೆ ಲೀಟರಿಗೆ 67 ಗ್ರಾಂ ಪುಡಿ. 10 ನಿಮಿಷ ಬಿಟ್ಟು ಬಳಿದು ಶೌಚಾಲಯಕ್ಕೆ ಹಾಕಿ. ನೆಲ, ಬಾಗಿಲ ಹಿಡಿಕೆ, ಶೌಚಾಲಯಕ್ಕೆ ಅದೇ 67 ಗ್ರಾಂ 10 ಲೀಟರಿಗೆ. ರಬ್ಬರ್ ಕೈಗವಸು ಇರಲಿ. ಆಸಿಡ್ ಇರುವ ಶೌಚಾಲಯ ಕ್ಲೀನರ್ ಜೊತೆ ಬ್ಲೀಚಿಂಗ್ ಪೌಡರನ್ನು ಎಂದೂ ಬೆರೆಸಬೇಡಿ. ಏಳುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಸ್ವಚ್ಛತಾ ಸಿಬ್ಬಂದಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಎಲ್ಲ ಮಕ್ಕಳಿಗೂ ಆ್ಯಂಟಿಬಯೋಟಿಕ್ ಹಂಚುವುದರಿಂದ ಹರಡುವಿಕೆ ನಿಲ್ಲುವುದಿಲ್ಲ, ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುತ್ತದೆ. ಬಾಯಿಯ ಮೂಲಕ ಕೊಡುವ ಲಸಿಕೆಯ ಎರಡು ಡೋಸ್ ಕನಿಷ್ಠ ಎರಡು ವಾರದ ಅಂತರದಲ್ಲಿ ಸಿಕ್ಕರೆ ಸುಮಾರು ಮೂರು ವರ್ಷ ರಕ್ಷಣೆ ಕೊಡುತ್ತದೆ. ಆಗಲೂ ನೀರಿನ ಪರೀಕ್ಷೆ ನಿಲ್ಲಿಸುವಂತಿಲ್ಲ. ಗುಣವಾದ ವಿದ್ಯಾರ್ಥಿ ಭೇದಿ ನಿಂತು ಚೇತರಿಸಿಕೊಂಡ ಮೇಲೆ ವೈದ್ಯರ ಮಾತು ಕೇಳಿ ತರಗತಿಗೆ ಬರಬಹುದು. ರೋಗಾಣು ಇನ್ನೂ ಕೆಲವು ದಿನ ಹೊರಬೀಳುತ್ತಿರಬಹುದು, ಹಾಗಾಗಿ ಆ ಅವಧಿಯಲ್ಲಿ ಊಟ ಬಡಿಸುವ, ನೀರು ತುಂಬುವ ಸರದಿಯಿಂದ ಅವರನ್ನು ಬಿಡಿಸಿ. ಕಾರಣವನ್ನು ಅವರಿಗೆ ಮಾತ್ರ ಹೇಳಿದರೆ ಸಾಕು, ತರಗತಿಯ ಮುಂದೆ ಬೇಡ.