1 ಹೆಕ್ಟೇರ್ ರಸ್ತೆ, 17 ಹೆಕ್ಟೇರ್ ನಷ್ಟ

ಮೊದಲು ಒಂದು ಸಣ್ಣ ಲೆಕ್ಕ. ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಕಾಡು ಇದೆ ಅಂದುಕೊಳ್ಳಿ. ಅಂದರೆ 100 ಹೆಕ್ಟೇರ್. ಅಂಚಿನಲ್ಲಿ ಬಿಸಿಲು, ಬಿಸಿಗಾಳಿ ಒಳಗೆ ನುಗ್ಗುತ್ತವೆ. ನೆಲ ಒಣಗುತ್ತದೆ, ದೊಡ್ಡ ಮರಗಳು ಉರುಳುತ್ತವೆ, ಕಳೆ ಹಬ್ಬುತ್ತದೆ. ಈ ಕಾಟ 100 ಮೀಟರ್ ಒಳಗಿನವರೆಗೂ ಮುಟ್ಟಿದರೆ, ತಂಪಾದ ಒಳಗಾಡು ಉಳಿಯುವುದು 64 ಹೆಕ್ಟೇರ್ ಮಾತ್ರ. ಈಗ ನಟ್ಟನಡುವೆ 10 ಮೀಟರ್ ಅಗಲದ ರಸ್ತೆ ಹಾಕಿ. ಕಡಿದದ್ದು ಒಂದೇ ಹೆಕ್ಟೇರ್, ಅಲ್ವಾ? ಆದರೆ ರಸ್ತೆಯ ಎರಡೂ ಬದಿ ಹೊಸ ಅಂಚು ಹುಟ್ಟಿತು. ಒಳಗಾಡು ಸುಮಾರು 47 ಹೆಕ್ಟೇರಿಗೆ ಇಳಿಯಿತು.

ಇದು ಬರೀ ಕಾಗದದ ಲೆಕ್ಕವಲ್ಲ. ಬ್ರೆಜಿಲ್‌ನ ಮನೌಸ್ ನಗರದ ಹತ್ತಿರ 1979ರಲ್ಲಿ ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಒಂದು ಪ್ರಯೋಗ ಶುರು ಮಾಡಿದರು. ಹುಲ್ಲುಗಾವಲಿಗಾಗಿ ಕಾಡು ಕಡಿಯುವಾಗ 1, 10, 100 ಹೆಕ್ಟೇರಿನ ತುಂಡುಗಳನ್ನು ಹಾಗೇ ಬಿಡಿಸಿ, ವರ್ಷಗಟ್ಟಲೆ ಗಮನಿಸಿದರು. ದಂಡುಕಟ್ಟಿ ಹೋಗುವ ಇರುವೆಗಳ ಹಿಂದೆಯೇ ಸಾಗಿ, ಬೆದರಿ ಹೊರಬಂದ ಹುಳ ಹಿಡಿಯುವ ಹಕ್ಕಿಗಳು ಸಣ್ಣ ತುಂಡುಗಳಿಂದ ಬೇಗನೆ ಮಾಯವಾದವು. ಅಂಥ ಸಣ್ಣ ತುಂಡಿನಲ್ಲಿ ಒಳಗಾಡೇ ಉಳಿಯುವುದಿಲ್ಲ. 1 ಹೆಕ್ಟೇರಿನ ಚೌಕದ ನಡುವೆ ನಿಂತರೂ ಅಂಚು ಬರೀ 50 ಮೀಟರ್ ದೂರ!

ಕಾಡು ಉಳಿಸಲು ಹೊರಟ ಯುವಕ ಯುವತಿಯರ ಕೈಗೆ ಈ ಲೆಕ್ಕ ಸಿಕ್ಕರೆ ಪ್ರಶ್ನೆಯೇ ಬದಲಾಗುತ್ತದೆ. 'ಎಷ್ಟು ಮರ ಹೋಗುತ್ತವೆ?' ಎನ್ನುವುದಕ್ಕಿಂತ 'ಎಲ್ಲಿ ಸೀಳುತ್ತೀರಿ?' ಎನ್ನುವುದು ಗಟ್ಟಿ ಪ್ರಶ್ನೆ. ಅದಕ್ಕೆ ಪುರಾವೆ ಬೇಕು. ರಸ್ತೆಯಲ್ಲಿ ಸತ್ತ ಕಪ್ಪೆ, ಹಾವುಗಳ ಫೋಟೋ ತೆಗೆದು, ದಿನಾಂಕ, ಜಾಗದ ಸಮೇತ, ಜನರು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕುವುದು ಅಷ್ಟೇನೂ ಮಜಾ ಕೊಡುವ ಕೆಲಸವಲ್ಲ. ನನ್ನ ಮಟ್ಟಿಗೆ ಸುಮ್ನೆ ಕೂಗುವ ಘೋಷಣೆಗಿಂತ ಅದಕ್ಕೇ ತೂಕ ಜಾಸ್ತಿ.

ಇನ್ನೊಂದು ದಾರಿ ಸ್ವೀಡನ್ನಿನ ಶಾಲಾಮಕ್ಕಳದ್ದು. 1987ರಲ್ಲಿ ಅವರು ಕೋಸ್ಟರಿಕದ ಮೊಂಟೆವೆರ್ಡೆಯ ಕಾಡು ಕೊಳ್ಳಲು ದುಡ್ಡು ಕೂಡಿಸತೊಡಗಿದರು. ಆಮೇಲೆ 40ಕ್ಕೂ ಹೆಚ್ಚು ದೇಶಗಳ ಮಕ್ಕಳು ಕೈಜೋಡಿಸಿದರು. 'ಮಕ್ಕಳ ಶಾಶ್ವತ ಮಳೆಕಾಡು' ಎಂಬ ಹೆಸರಿನ ಆ ಜಾಗ ಈಗ ಸುಮಾರು 23,000 ಹೆಕ್ಟೇರ್.

ಅಲ್ಲಿ ಕೆಟ್ಸಾಲ್ ಎಂಬ ಹಸಿರು ಬಾಲದ ಚೆಲುವ ಹಕ್ಕಿ ಇದೆ. ಗೂಡು ಕಟ್ಟುವುದು ಬೆಟ್ಟದ ಮೇಲಿನ ಮಂಜುಗಾಡಿನಲ್ಲಿ. ಹಾಗಾಗಿ ಬೆಟ್ಟದ ತುದಿ ಕಾಪಾಡಿದರೆ ಸಾಕು ಅನ್ನಿಸುತ್ತದೆ. ಆದರೆ ವಿಜ್ಞಾನಿಗಳು ಹಕ್ಕಿಗೆ ಸಂಕೇತ ಕಳಿಸುವ ಪುಟ್ಟ ರೇಡಿಯೋ ಕಟ್ಟಿ ಹಿಂಬಾಲಿಸಿದಾಗ ಗೊತ್ತಾಯಿತು: ಮರಿಗಳು ಹಾರಿಹೋದ ಮೇಲೆ, ಕಾಡು ಬೆಣ್ಣೆಹಣ್ಣಿನ ಜಾತಿಯ ಹಣ್ಣು ಹುಡುಕಿಕೊಂಡು, ಅದು ಇಳಿಜಾರಿನ ಕೆಳಗಿನ ಕಾಡಿಗೆ ಬರುತ್ತದೆ.